ಹಂಪಿ ನೋಡಲು ಗಂಗಾವತಿಯಲ್ಲಿ ಉಳಿಯಬಹುದೇ? ಡಿಸೆಂಬರ್ ರಜೆ, ಆರು ಜನ

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್ 24ಕ್ಕೆ ಮೈಸೂರಿನಿಂದ ಹೊರಟು 29ಕ್ಕೆ ವಾಪಸ್. ಗಂಡ-ಹೆಂಡತಿ, 9 ಮತ್ತು 4 ವರ್ಷದ ಮಕ್ಕಳು, 70 ದಾಟಿದ ತಂದೆ-ತಾಯಿ. ಹೊಸಪೇಟೆ, ಕಮಲಾಪುರದ ರೂಮಿನ ಬಾಡಿಗೆ ಕೇಳಿ ಗಾಬರಿಯಾಗಿದೆ. ತುಂಗಭದ್ರಾ ಹೊಳೆಯ ಈಚೆ, ಕೊಪ್ಪಳ ಜಿಲ್ಲೆ ಕಡೆ ಉಳಿದರೆ ನಡೆಯುತ್ತದೆಯೇ, ದಿನಕ್ಕೊಂದು ಊರು ಬದಲಿಸಬೇಕೇ?

ಧಾರಾಳವಾಗಿ ನಡೆಯುತ್ತದೆ. ಆದರೆ ಊರು ಬದಲಿಸಬೇಡಿ. ಅಷ್ಟೂ ರಾತ್ರಿ ಒಂದೇ ಕಡೆ ಇರಿ. ಆರು ಜನರ ಬ್ಯಾಗು, ಹಿರಿಯರ ಮಾತ್ರೆ, ಮಗುವಿನ ಹಾಲಿನ ಫ್ಲಾಸ್ಕು ಎಲ್ಲ ಕಟ್ಟಿ, ಒಂದು ಕಡೆ ರೂಮು ಬಿಟ್ಟು ಇನ್ನೊಂದು ಕಡೆ ಕೀಲಿಕೈ ಸಿಗುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಹೋಗುವುದು ಬೆಳಗಿನ ತಂಪು ಹೊತ್ತು, ಇಲ್ಲಿ ಬೆಲೆಬಾಳುವುದು ಅದೊಂದೇ. ನಮ್ಮ ಚಳಿಗಾಲ ಅಂದರೆ ರಾತ್ರಿ 15–17 ಡಿಗ್ರಿ, ಮಧ್ಯಾಹ್ನ 30ರ ಆಸುಪಾಸು. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ, ಮುಳುಗುವುದು 6ರೊಳಗೆ. ಹತ್ತೂವರೆಗೆ ಬಂಡೆ ಕಾಯಲು ಶುರು. ಹಾಗಾಗಿ ಬೆಳಿಗ್ಗೆ 6.30ರಿಂದ 11, ಸಂಜೆ 4ರಿಂದ 6, ಇಷ್ಟೇ ತಿರುಗಾಟ. ನಡುವೆ ಊಟ, ನಿದ್ದೆ. ಒಂಬತ್ತಕ್ಕೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಡುವವರು ನೋಡುವುದು ಬಿಸಿಲನ್ನೇ.

ಇನ್ನು ಎಲ್ಲಿ ಉಳಿಯುವುದು. ಆನೆಗೊಂದಿ, ಸಾಣಾಪುರದ ಹೋಂಸ್ಟೇಗಳು ಗದ್ದೆ, ಗುಡ್ಡದ ಪಕ್ಕ ಚೆಂದ ಇವೆ. ಬರೀ ಗಂಡ-ಹೆಂಡತಿ ಬಂದಿದ್ದರೆ ಅಲ್ಲಿಗೇ ಹೋಗಿ ಅನ್ನುತ್ತಿದ್ದೆ. ನಿಮ್ಮ ಗುಂಪಿಗೆ ಗಂಗಾವತಿಯೇ ಸರಿ. ಆನೆಗೊಂದಿ ಇಲ್ಲಿಂದ ಹತ್ತು-ಹನ್ನೆರಡು ಕಿ.ಮೀ. ಅಷ್ಟೆ. ಆಸ್ಪತ್ರೆ, ಔಷಧಿ ಅಂಗಡಿ, ಎಟಿಎಂ, ಖಾನಾವಳಿ ಎಲ್ಲ ಊರಲ್ಲೇ ಸಿಗುತ್ತವೆ. ಹೋಂಸ್ಟೇಯೇ ಬೇಕು ಅಂದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಮುಂಗಡ ಕಳಿಸುವ ಮೊದಲೇ ಕೇಳಿ. ಪರವಾನಗಿ ಇಲ್ಲದ್ದಕ್ಕೆ ಬೀಗ ಬಿದ್ದರೆ ನಿಮ್ಮ ಬುಕಿಂಗೂ ಹೋಯಿತು. ಹಳೆಯ ಬರಹ ನೋಡಿ ವಿರೂಪಾಪುರ ಗಡ್ಡೆಯಲ್ಲಿ ರೂಮು ಹುಡುಕಬೇಡಿ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟುಗಳನ್ನೆಲ್ಲ ಕೆಡವಿದ್ದಾರೆ.

ಫೋನಿನಲ್ಲಿ ಕೇಳಬೇಕಾದ್ದು ಟಿವಿ, ವೈಫೈ ಅಲ್ಲ. ನೆಲಮಹಡಿ ರೂಮು ಇದೆಯೇ? ವೆಸ್ಟರ್ನ್ ಕಮೋಡ್ ಇದೆಯೇ? ಬಿಸಿನೀರು ಗೀಸರಿಂದೋ, ಸೋಲಾರಿಂದೋ? ಸೋಲಾರ್ ಆದರೆ ರಾತ್ರಿ ಬಂದವರೆಲ್ಲ ಸ್ನಾನ ಮಾಡಿ ಟ್ಯಾಂಕು ಖಾಲಿ ಮಾಡಿರುತ್ತಾರೆ, ಮೇಲಿಂದ ತಣ್ಣೀರು ತುಂಬಿಕೊಂಡಿರುತ್ತದೆ. ಬೆಳಿಗ್ಗೆ ಐದೂವರೆಗೆ ನಿಮ್ಮ ತಂದೆ ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗೂ ಬರುವುದಿಲ್ಲ. ಗೀಸರ್ ಇದ್ದರೂ ಕರೆಂಟು ಹೋದಾಗ ಜನರೇಟರಿಗೆ ಅದು ಸೇರಿದೆಯೋ ಇಲ್ಲವೋ ಕೇಳಿ, ಬಹಳ ಕಡೆ ಲೈಟು-ಫ್ಯಾನು ಮಾತ್ರ. ಸುತ್ತ ಗದ್ದೆ ಇರುವುದರಿಂದ ಸೊಳ್ಳೆ ಜಾಸ್ತಿ. ಮಗುವಿಗೆ ಮಡಚುವ ಪರದೆ ತನ್ನಿ. ಗುಡ್ಡದ ಪಕ್ಕ ಉಳಿದರೆ ಚಪ್ಪಲಿ, ಬೂಟು ಕೊಡವಿ ಹಾಕಿಕೊಳ್ಳಿ, ಚೇಳು ಇರುತ್ತವೆ.

ಬಾಡಿಗೆ ಕಾರು ಮಾಡುವಾಗ ಕಿಲೋಮೀಟರ್ ಲೆಕ್ಕ ಬೇಡ. ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದು ಕಟ್ಟಿಸಿಕೊಳ್ಳುತ್ತಾರೆ, ನಿಮ್ಮ ಓಡಾಟ ಬಹುತೇಕ ದಿನ ಅಷ್ಟು ಆಗುವುದಿಲ್ಲ. ದಿನದ ಬಾಡಿಗೆ ಬೇರೆ, ಡೀಸೆಲ್ ಬೇರೆ ಎಂದು ಮಾತಾಡಿ. ಹಂಪಿಗೆ ಹೊಸಪೇಟೆ ಸುತ್ತಬೇಕಿಲ್ಲ, ಕಡೆಬಾಗಿಲು–ಬುಕ್ಕಸಾಗರ ಸೇತುವೆ ದಾಟಿ ಕಮಲಾಪುರಕ್ಕೆ ಹೋಗಬಹುದು. ಮ್ಯಾಪಿನಲ್ಲಿ ಬುಕ್ಕಸಾಗರ ಎಂದೇ ಹಾಕಿ, ಇಲ್ಲದಿದ್ದರೆ ದೋಣಿ ಕಟ್ಟುವ ದಂಡೆಗೆ ತಂದು ನಿಲ್ಲಿಸಿದರೂ ನಿಲ್ಲಿಸಿತು. ಆದಷ್ಟು ಕತ್ತಲಾಗುವ ಮೊದಲೇ ರೂಮು ಸೇರಿ, ಸೂರ್ಯಾಸ್ತಕ್ಕೆ ನಿಂತ ದಿನ ನಿಧಾನಕ್ಕೆ ಬನ್ನಿ. ಭತ್ತದ ಸುಗ್ಗಿ ಮುಗಿಯುವ ಕಾಲ ಅದು, ಅರ್ಧ ರಸ್ತೆಗೆ ಭತ್ತ ಹರವಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರುಗಳೂ ಓಡಾಡುತ್ತವೆ. ದೂಳೂ ಇರುತ್ತದೆ. ಯಾರಿಗಾದರೂ ದಮ್ಮು ಇದ್ದರೆ ಇನ್‌ಹೇಲರ್ ಕೈಚೀಲದಲ್ಲೇ ಇರಲಿ.

ಹಂಪಿಗೆ ಎರಡು ಬೆಳಿಗ್ಗೆ ಕೊಡಿ. ಮೊದಲ ದಿನ ನೇರ ವಿಜಯ ವಿಠ್ಠಲ ದೇವಸ್ಥಾನ. ಕಾರು ಸುಮಾರು ಒಂದು ಕಿ.ಮೀ. ಹಿಂದೆಯೇ ನಿಲ್ಲಬೇಕು, ಅಲ್ಲಿಂದ ಬ್ಯಾಟರಿ ಗಾಡಿ. ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಹತ್ತರ ಮೇಲೆ ಬ್ಯಾಟರಿ ಗಾಡಿಯ ಸಾಲಿನಲ್ಲಿ ಹಿರಿಯರನ್ನು ನಿಲ್ಲಿಸುವುದಕ್ಕಿಂತ ಹೋಗದಿರುವುದೇ ಮೇಲು. ಟಿಕೆಟ್ ಎಸೆಯಬೇಡಿ, ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ಕಮಲಾಪುರದ ಮ್ಯೂಸಿಯಂಗೂ ಅದೇ ನಡೆಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮ್ಯೂಸಿಯಂಗೆ ಶುಕ್ರವಾರ ರಜೆ. ಸೂರ್ಯಾಸ್ತಕ್ಕೆ ಮಾತಂಗ ಬೆಟ್ಟ ಅಂತ ಎಲ್ಲರೂ ಹೇಳುತ್ತಾರೆ. ನೀವು ಹೇಮಕೂಟಕ್ಕೆ ಹೋಗಿ, ಇಳಿಜಾರು ಬಂಡೆ, ಕೈ ಹಿಡಿದುಕೊಂಡರೆ ಹಿರಿಯರೂ ಹತ್ತುತ್ತಾರೆ.

ಆಂಜನೇಯನ ಬೆಟ್ಟ ಅಂಜನಾದ್ರಿಗೆ ಸುಮಾರು 575 ಮೆಟ್ಟಿಲು. ಬೆಳಕು ಹರಿಯುವಾಗ ಶುರು ಮಾಡಿ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿ ಹಿಡಿಯುವುದು. ತಂದೆ-ತಾಯಿಯನ್ನು ಪಂಪಾ ಸರೋವರದ ಹತ್ತಿರ ಕೂರಿಸಿ ನೀವು ಹೋಗಿ ಬನ್ನಿ, ಅಲ್ಲಿಗೆ ಕಾರು ಹೋಗುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ. ಒಳಗೆ ಬಟ್ಟೆ ಇದ್ದರೂ ಮಂಗನ ಲೆಕ್ಕದಲ್ಲಿ ಅದು ಬಾಳೆಹಣ್ಣೇ. ಶನಿವಾರ ಬೇಡ. ಮುಖ್ಯವಾಗಿ ಪಂಚಾಂಗ ನೋಡಿ: ಮಾರ್ಗಶಿರ ಶುದ್ಧ ತ್ರಯೋದಶಿ, ಹನುಮದ್ ವ್ರತದ ದಿನ, ಹನುಮ ಮಾಲಾಧಾರಿಗಳು ಮಾಲೆ ವಿಸರ್ಜನೆಗೆ ಇಲ್ಲಿಗೇ ಬರುತ್ತಾರೆ, ಆ ರಸ್ತೆಯಲ್ಲಿ ಕಾರಿಗೆ ಜಾಗವೇ ಇರುವುದಿಲ್ಲ. ಸಾಮಾನ್ಯವಾಗಿ ಡಿಸೆಂಬರ್ ಮೊದಲರ್ಧ. ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಸರಿಯುತ್ತದೆ, 2023ರಲ್ಲಿ ನೀವು ಹೊರಡುವ ತಾರೀಕು 24ಕ್ಕೇ ಬಿದ್ದಿತ್ತು.

ಸಾಣಾಪುರ ಕೆರೆಯಲ್ಲಿ ತೆಪ್ಪದ ಸವಾರಿ ಮಕ್ಕಳಿಗೆ ಇಷ್ಟ. ಹತ್ತುವ ಮೊದಲೇ 'ಗರಗರ ತಿರುಗಿಸಬೇಡಪ್ಪ' ಅಂತ ಹೇಳಿಬಿಡಿ, ಖುಷಿಪಡಿಸಲೆಂದು ತಿರುಗಿಸುತ್ತಾರೆ, ಹಿರಿಯರಿಗೆ ತಲೆಸುತ್ತು. ಲೈಫ್ ಜಾಕೆಟ್ ಹಾಕಿದ ಮೇಲೆ ನಾಲ್ಕು ವರ್ಷದವನ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿ ದಾಟಿ ಬಂದರೆ ಅದು ದೊಡ್ಡವರ ಜಾಕೆಟ್, ನೀರಿನಲ್ಲಿ ಮಗು ಕೆಳಗೆ ಜಾರುತ್ತದೆ. ಚಿಕ್ಕದು ಇಲ್ಲ ಅಂದರೆ ದಂಡೆಯಲ್ಲೇ ಆಡಲಿ. ಹೊಳೆಗೆ ಇಳಿಯುವ ಯೋಚನೆ ಬೇಡ, ಪಾಚಿ ಹಿಡಿದ ಬಂಡೆ, ಒಳಗೆ ಸೆಳೆತ.

'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಅನ್ನುವ ಮಾತು ನಿಮ್ಮ ಮನೆಗೇ ಹೇಳಿದಂತಿದೆ. ಕಾಲು ನೋವಿನವರಿಗೆ ಕನಕಗಿರಿಯ ಕನಕಾಚಲಪತಿ ದೇವಸ್ಥಾನ ಒಂದು ಸಂಜೆಗೆ ಹೇಳಿ ಮಾಡಿಸಿದ ಜಾಗ. ಒಂದು ದಿನ ಪೂರ್ತಿ ಕೊಟ್ಟರೆ ಇಟಗಿಯ ಮಹಾದೇವ ದೇವಾಲಯ, 1112ರದು, ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದಿದೆ. ದಾರಿ ಸ್ವಲ್ಪ ತಿರುಗಿಸಿದರೆ ಮರದ ಗೊಂಬೆ ಮಾಡುವವರ ಊರು ಕಿನ್ನಾಳ. ಸೆಣಬು, ಕಟ್ಟಿಗೆ ಪುಡಿ, ಹುಣಸೆಬೀಜದ ಅಂಟು ಕಲಸಿ ಗೊಂಬೆಗೆ ಮೆತ್ತುವುದನ್ನು ದೊಡ್ಡ ಮಗುವಿಗೆ ತೋರಿಸಿ. ಹಿರೇಬೆಣಕಲ್ಲಿನ ಶಿಲಾಸಮಾಧಿ ಈ ಸಲ ಬಿಡಿ, ಹತ್ತುವ ದಾರಿಯಲ್ಲಿ ನೀರೂ ಇಲ್ಲ, ನೆರಳೂ ಇಲ್ಲ.

ಊಟಕ್ಕೆ ಖಾನಾವಳಿ: ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಖಾರ ನಿಮ್ಮ ಕಡೆಗಿಂತ ಒಂದು ಕೈ ಮೇಲೆ, ಚಿಕ್ಕವನಿಗೆ ಮೊಸರನ್ನ ಹೇಳಿ. ಮಿರ್ಚಿ-ಒಗ್ಗರಣೆ ಬೆಳಿಗ್ಗೆ ಏಳಕ್ಕೇ ಸಿಗುತ್ತದೆ.

ರೈಲಿಗೆ ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್, ಹೊಸಪೇಟೆಯಲ್ಲಿ ಇಳಿಯಿರಿ. ಬುಕಿಂಗ್ 60 ದಿನ ಮೊದಲು, ಅಂದರೆ ಅಕ್ಟೋಬರ್ 25ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. 29ರ ವಾಪಸಿಗೆ ಅಕ್ಟೋಬರ್ 30. ತಂದೆ-ತಾಯಿಗೆ ಬೇರೆಯೇ ಟಿಕೆಟ್ ಮಾಡಿ. ಹಿರಿಯರ ಲೋವರ್ ಬರ್ತ್ ಕೋಟಾ ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರೇ ಇದ್ದಾಗ ಸಿಗುವುದು, ಆರೂ ಹೆಸರು ಒಟ್ಟಿಗೆ ಹಾಕಿದರೆ ಆ ಕೋಟಾ ಅನ್ವಯಿಸುವುದಿಲ್ಲ. ಚಿಕ್ಕವನಿಗೆ ಬರ್ತ್ ಬೇಡವಾದರೆ ಟಿಕೆಟ್ ಬೇಕಿಲ್ಲ.

ತಾರೀಕು ಜನವರಿಗೆ ತಳ್ಳುವ ಯೋಚನೆ ಇದ್ದರೆ ಕೊಪ್ಪಳದ ಗವಿಮಠದ ಜಾತ್ರೆಯ ದಿನ ನೋಡಿಕೊಳ್ಳಿ. ಆ ವಾರ ಊರಲ್ಲಿ ರೂಮು ಕೇಳಲೇಬೇಡಿ. ಊಟದ ಚಿಂತೆ ಮಾತ್ರ ಇಲ್ಲ, ಮಹಾದಾಸೋಹ ಇರುತ್ತದೆ.