ಆ ಕಲ್ಲಿನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ

ನಮಸ್ಕಾರ.

ಹರಾಲ್ಡ್ ಬ್ಲೂಟೂತ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಹತ್ತನೇ ಶತಮಾನದ ಡೆನ್ಮಾರ್ಕಿನ ಈ ದೊರೆಯ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ಬರಲೇಬೇಕು ಅನ್ನುವ ಆಸೆ ನನಗೂ ಇದೆ.

ಶುರುವಿನ ಎರಡು ಪುಟ ಪೂರ್ತಿ ಮೊಬೈಲಿನ ಬ್ಲೂಟೂತ್‌ಗೇ ಹೋಗಿವೆ. ತಂತ್ರಜ್ಞಾನಕ್ಕೆ ಅವನ ಹೆಸರಿಟ್ಟರು, ಅದರ ಗುರುತಿನಲ್ಲಿ ಎರಡು ರೂನ್ (ಉತ್ತರ ಯುರೋಪಿನ ಹಳೆಯ ಲಿಪಿ) ಅಕ್ಷರಗಳಿವೆ, ನಿಜ. ಅದಕ್ಕೆ ಒಂದು ಪ್ಯಾರಾ ಸಾಕು. 'ಪ್ರಜೆಗಳು ಪ್ರೀತಿಯಿಂದ ನೀಲಿ ಹಲ್ಲಿನವನೆಂದು ಕರೆಯುತ್ತಿದ್ದರು' ಎಂಬ ಸಾಲು ತೆಗೆಯಿರಿ. ಆ ಅಡ್ಡಹೆಸರು ನಮಗೆ ಮೊದಲು ಸಿಗುವುದು 12ನೇ ಶತಮಾನದ ಬರಹದಲ್ಲಿ. ಕೊಂಬಿನ ಶಿರಸ್ತ್ರಾಣವೂ ಬೇಡ. ವೈಕಿಂಗರು ಅದನ್ನು ಹಾಕಿಕೊಂಡು ಯುದ್ಧಕ್ಕೆ ಹೋಗುತ್ತಿದ್ದರು ಅನ್ನಲು ಆಧಾರವಿಲ್ಲ.

ನಿಮ್ಮ ನಿಜವಾದ ಬಂಡವಾಳ ಆರನೇ ಪುಟದಲ್ಲಿ ಅಡಗಿದೆ: ಡೆನ್ಮಾರ್ಕಿನ ಯೆಲ್ಲಿಂಗ್ ಊರಿನ ದೊಡ್ಡ ಕಲ್ಲು. ಅದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು! ಅದಕ್ಕೆ ಮೂರು ಮುಖ. ಒಂದರಲ್ಲಿ ಬರಹ, ಇನ್ನೊಂದರಲ್ಲಿ ಹಾವು ಸುತ್ತಿಕೊಂಡ ದೊಡ್ಡ ಮೃಗ, ಮೂರನೆಯದರಲ್ಲಿ ತೋಳು ಚಾಚಿದ ಕ್ರಿಸ್ತ. ಅವನ ಹಿಂದೆ ಶಿಲುಬೆಯಿಲ್ಲ, ಸುತ್ತ ಬಳ್ಳಿಯಂಥ ಪಟ್ಟಿಗಳಿವೆ. ತಂದೆ ಗೋರ್ಮ್ ಮತ್ತು ತಾಯಿ ಥೈರಾ ನೆನಪಿಗೆ ಇದನ್ನು ಮಾಡಿಸಿದೆ ಎಂದು ಹರಾಲ್ಡ್ ಬರೆಸಿದ್ದಾನೆ. ಅಲ್ಲಿಗೇ ನಿಲ್ಲಿಸಲಿಲ್ಲ. ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ಇದೇ ಹರಾಲ್ಡ್ ಎಂದೂ ಸೇರಿಸಿದ. ಹೆತ್ತವರ ಸ್ಮಾರಕದಲ್ಲಿ ಮಗನ ಸಾಧನೆಯ ಪಟ್ಟಿ. ಮನುಷ್ಯ ಎಂಥವನು ಅಂತ ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಈಗ ಪೊಪ್ಪೊ ಪಾದ್ರಿಯ ಕಥೆ. ಕಾದ ಕಬ್ಬಿಣ ಹಿಡಿದರೂ ಅವನ ಕೈ ಸುಡಲಿಲ್ಲ, ಅದನ್ನು ಕಂಡು ದೊರೆ ಮತ ಬದಲಿಸಿದ ಎಂದು ನೀವು ಕಣ್ಣಾರೆ ಕಂಡವರ ಹಾಗೆ ಬರೆದಿದ್ದೀರಿ. ಅದನ್ನು ಹೇಳಿದವನು ವಿಡುಕಿಂಡ್ ಎಂಬ ಸ್ಯಾಕ್ಸನ್ (ಜರ್ಮನ್ ನಾಡಿನ) ಸನ್ಯಾಸಿ. ಡೆನ್ಮಾರ್ಕಿನ ದಕ್ಷಿಣದ ಗಡಿಯಾಚೆಗೆ ಇದ್ದದ್ದು ಆ ಸನ್ಯಾಸಿಯ ಚಕ್ರವರ್ತಿಗಳ ರಾಜ್ಯವೇ. ಹರಾಲ್ಡನ ಕಲ್ಲಿನಲ್ಲಿ ಪೊಪ್ಪೊ ಹೆಸರೇ ಇಲ್ಲ, ಎಲ್ಲ ಮಾಡಿದವನು ತಾನೇ. ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಡಿ. ಲೇಖನ ಅಲ್ಲೇ ಹುಟ್ಟುತ್ತದೆ.

ಕಾಳಗದ ವರ್ಣನೆ ಜಾಸ್ತಿಯಾಯಿತು, ಅವನು ಕಟ್ಟಿಸಿದ್ದರ ಬಗ್ಗೆ ಏನೂ ಇಲ್ಲ. ರಾವ್ನಿಂಗ್ ಬಯಲಿನಲ್ಲಿ ಸುಮಾರು 760 ಮೀಟರ್ ಉದ್ದದ ಓಕ್ ಮರದ ಸೇತುವೆ ಇತ್ತು. 980ರ ಆಸುಪಾಸಿನದು. ರಿಪೇರಿ ಮಾಡಿದ ಗುರುತೇ ಇಲ್ಲ, ಅಂದರೆ ಅದು ಹೆಚ್ಚು ಕಾಲ ಬಳಕೆಯಲ್ಲಿರಲಿಲ್ಲ. ಟ್ರೆಲ್ಲೆಬೋರ್ಗಿನಂಥ ದುಂಡು ಕೋಟೆಗಳೂ ಅದೇ ಕಾಲದವು, ಅವೂ ಬೇಗ ಪಾಳುಬಿದ್ದವು. ಅಷ್ಟು ಮರ ಕಡಿಸಿ, ಅಷ್ಟು ಜನರನ್ನು ದುಡಿಸಿ ಕಟ್ಟಿಸಿದ್ದು ಯಾಕೆ ಉಳಿಯಲಿಲ್ಲ? ಈ ಪ್ರಶ್ನೆ ಓದುಗರಿಗೂ ಬರಲಿ.

'ಇಂದಿಗೂ ನಮ್ಮ ಜೇಬಿನಲ್ಲಿ ಬದುಕಿದ್ದಾನೆ' ಎಂಬ ಕೊನೆಯ ಸಾಲು ಬಿಡಿ. ಮಗ ಸ್ವೇನ್ ಅವನ ಮೇಲೇ ದಂಗೆ ಎದ್ದ, ಗಾಯಗೊಂಡ ಹರಾಲ್ಡ್ ದೇಶ ಬಿಟ್ಟು ಹೋಗಿ ಸತ್ತ ಎಂದು 11ನೇ ಶತಮಾನದ ಜರ್ಮನ್ ಚರಿತ್ರೆಕಾರ ಆಡಮ್ ಆಫ್ ಬ್ರೆಮೆನ್ ಬರೆದಿದ್ದಾನೆ. ಅದೇ ಸ್ವೇನ್ 1013ರಲ್ಲಿ ಇಂಗ್ಲೆಂಡಿನ ದೊರೆಯಾದ. ನಿಮ್ಮ ಲೇಖನದಲ್ಲಿ ಈ ಮಗನ ಹೆಸರೇ ಇಲ್ಲ. ಅವನನ್ನು ಸೇರಿಸಿ, ಪುಟಗಳನ್ನು ಅರ್ಧಕ್ಕೆ ಇಳಿಸಿ, ನೇರವಾಗಿ ನನಗೇ ಕಳಿಸಿ.