ಹನ್ನೆರಡು ಮಡಿಕೆಯ ಆಲ್ಬಂ: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಶಾರದಮ್ಮ ಎಂದು ಕರೆದಿರುವವರ ನಿಜವಾದ ಹೆಸರು ಬೇರೆ. ಊರು ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ.

ಮಲೆನಾಡಿನ 58 ವರ್ಷದ ಶಾರದಮ್ಮನವರನ್ನು ಮಗಳು ನನ್ನ ಬಳಿಗೆ ಕರೆತಂದಾಗ ಅವರ ಪತಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅಮ್ಮ ರಾತ್ರಿ ಎರಡು ಗಂಟೆಯವರೆಗೂ ಅಪ್ಪನ ಮೊಬೈಲ್ ಹಿಡಿದು ಕೂರುತ್ತಾರೆ ಎಂಬುದು ಮಗಳ ಆತಂಕ. ಆ ಮೊಬೈಲಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು. ಮೊಮ್ಮಗನ ನಾಮಕರಣ, ಅಡಿಕೆ ಗೊನೆ, ಔಷಧಿ ಚೀಟಿ, ವಾಟ್ಸಾಪಿನಲ್ಲಿ ಬಂದ ಶುಭೋದಯದ ಹೂಗಳು, ಕೊನೆಯ ಮೂರು ತಿಂಗಳ ಆಸ್ಪತ್ರೆಯ ಮಂಚ, ಎಲ್ಲವೂ ಒಂದರ ಬೆನ್ನಿಗೊಂದು. "ನೋಡ್ತಾ ಹೋದ್ರೆ ಮುಗಿಯೋದೇ ಇಲ್ಲ ಮೇಡಂ. ನಡುವೆ ಇಟ್ಟುಬಿಟ್ರೆ ಅವರನ್ನ ಅರ್ಧ ದಾರೀಲಿ ಬಿಟ್ಟು ಬಂದ ಹಾಗಾಗುತ್ತೆ" ಎಂದರು.

ದುಃಖ ಆರು ತಿಂಗಳು ಮೀರಿಯೂ ತೀವ್ರವಾಗಿ ಉಳಿದು ದೈನಂದಿನ ಬದುಕನ್ನು ಕೆಡಿಸುತ್ತಿದ್ದರೆ ಅದನ್ನು ದೀರ್ಘಕಾಲೀನ ಶೋಕದ ತೊಂದರೆಯೆಂದು ಪರಿಶೀಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಹೇಳುತ್ತದೆ. ಹಾಗಾಗಿ ಊಟ, ನಿದ್ರೆ, ಮನೆಕೆಲಸ, ಸಾಯುವ ಯೋಚನೆ ಎಲ್ಲವನ್ನೂ ಮೊದಲು ವಿಚಾರಿಸಿದೆ. ನಿದ್ರೆಯೊಂದನ್ನು ಬಿಟ್ಟರೆ ಬೇರೆ ಯಾವುದೂ ಕೈಮೀರಿರಲಿಲ್ಲ. ಸಾಯುವ ಯೋಚನೆ ಇದ್ದಿದ್ದರೆ, ಅಥವಾ ಸಾವು ಅಪಘಾತದಿಂದಲೋ ಆತ್ಮಹತ್ಯೆಯಿಂದಲೋ ಆಗಿ ಆ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದ್ದರೆ, ನಾನು ಮುಂದಿನ ಸಲಹೆ ಕೊಡದೆ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ. ಅಂಥವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಆಲ್ಬಂ ಒಂದನ್ನು ಕೈಯಾರೆ ಮಾಡಿ ಎಂದು ಸೂಚಿಸಿದೆ. ಅಗಲಿದವರನ್ನು ಮರೆತರೆ ಮಾತ್ರ ದುಃಖ ತೀರುತ್ತದೆ ಎಂಬ ಹಳೆಯ ನಂಬಿಕೆಯನ್ನು 1990ರ ದಶಕದ ಸಂಶೋಧಕರು ಪ್ರಶ್ನಿಸಿದ್ದಾರೆ. ಮನಶ್ಶಾಸ್ತ್ರಜ್ಞರಾದ ಸ್ಟ್ರೋಬ ಮತ್ತು ಶುಟ್ 1999ರಲ್ಲಿ ವಿವರಿಸಿದಂತೆ, ದುಃಖಿಸುವವರು ಅಗಲಿಕೆಯ ಕಡೆಗೂ ನಿತ್ಯದ ಬದುಕಿನ ಕಡೆಗೂ ಜೋಕಾಲಿಯಂತೆ ತೂಗುತ್ತಾ ಇರುವುದೇ ಸಹಜ. ಶಾರದಮ್ಮನವರ ಜೋಕಾಲಿ ಒಂದೇ ಕಡೆ ನಿಂತಿತ್ತು, ಏಕೆಂದರೆ ಮೊಬೈಲಿನ ಚಿತ್ರಗಳಿಗೆ ಕೊನೆಯ ಪುಟವೆಂಬುದೇ ಇರಲಿಲ್ಲ.

ಇಲ್ಲೇ ನಾನೊಂದು ತಪ್ಪು ಮಾಡಿದೆ. ಆಸ್ಪತ್ರೆಯ ಚಿತ್ರಗಳನ್ನು ಬಿಟ್ಟುಬಿಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂರು ತಿಂಗಳು ಊಟ ಮಾಡಿಸಿದವಳು ನಾನು, ಅದನ್ನ ತೆಗೆದ್ರೆ ನನ್ನನ್ನೇ ತೆಗೆದ ಹಾಗೆ" ಎಂದರು. ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಆ ಪುಟದಲ್ಲಿ ಅವರು ಒಂದೇ ಚಿತ್ರ ಅಂಟಿಸಿ, ಕೆಳಗೆ "ಗಂಜಿಗೆ ಉಪ್ಪು ಕಡಿಮೆ ಅಂದರು" ಎಂದು ಬರೆದಿದ್ದಾರೆ.

ಮಾಡುವ ಕ್ರಮ ಸರಳವಾಗಿತ್ತು. ದಪ್ಪ ಡ್ರಾಯಿಂಗ್ ಶೀಟನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ತುದಿಗೆ ತುದಿ ಜೋಡಿಸಿ, ಹಾರ್ಮೋನಿಯಂ ತಿದಿಯಂತೆ ಹನ್ನೆರಡು ಮಡಿಕೆ ಮಾಡಿದರು. ಹನ್ನೆರಡಕ್ಕೆ ಹದಿಮೂರನೆಯದನ್ನು ಸೇರಿಸಬಾರದೆಂಬುದು ನನ್ನ ಷರತ್ತು. ವಾರಕ್ಕೆ ಎರಡು ಮಧ್ಯಾಹ್ನ, ಮುಕ್ಕಾಲು ಗಂಟೆ ಮಾತ್ರ, ಮಗಳು ಜೊತೆಗಿದ್ದಾಗ ಈ ಕೆಲಸ. ರಾತ್ರಿ ಒಂಬತ್ತಕ್ಕೆ ಮೊಬೈಲ್ ಮಗಳ ಕೋಣೆಗೆ. ಮದುವೆಯ ಫೋಟೊಗಳು ಅಂಟುಹಾಳೆಯ ಹಳೆಯ ಆಲ್ಬಂನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಅವನ್ನು ಕೀಳಲು ಹೋಗದೆ ಇದ್ದಲ್ಲೇ ಚಿತ್ರ ತೆಗೆದು, ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ ಎಂದೆ. ಗಂಡ ಹೆಂಡತಿ ಇಬ್ಬರೂ ಧರ್ಮಸ್ಥಳಕ್ಕೆ ಹೋಗಿದ್ದ ಬಸ್ಸಿನ ಟಿಕೆಟ್ ಇತ್ತು. ಶಾಖದಿಂದ ಅಚ್ಚಾಗುವ ಆ ಕಾಗದದ ಅಕ್ಷರ ಕೆಲ ವರ್ಷಗಳಲ್ಲಿ ಮಾಸಿಹೋಗುವುದರಿಂದ ಜೆರಾಕ್ಸ್ ಅಂಟಿಸಿದರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗೋಡೆಗೆ ತಾಗಿಸದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಇಡಲು ಹೇಳಿದೆ.

ನಾನು ನಿರೀಕ್ಷಿಸದ ವಿಷಯ ಮೂರನೆಯ ಭೇಟಿಯಲ್ಲಿ ಹೊರಬಂತು. ಆರಿಸುವಾಗ ಒಂದು ನಿವೇಶನದ ಚಿತ್ರ ಸಿಕ್ಕಿತ್ತು. ಶಾರದಮ್ಮನವರ ತವರಿನ ಹಣವೂ ಸೇರಿದ್ದ ಆ ನಿವೇಶನವನ್ನು ಪತಿ ಅವರಿಗೊಂದು ಮಾತೂ ಹೇಳದೆ ತಮ್ಮನ ಸಾಲಕ್ಕಾಗಿ ಮಾರಿದ್ದರು. ಹರಿದು ಹಾಕುತ್ತೇನೆ ಎಂದು ಅವರು, ಸತ್ತವರ ಮೇಲೆ ಸಿಟ್ಟೇಕೆ ಎಂದು ಮಗಳು, ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಪ್ರೀತಿಸಿದವರ ಮೇಲೆ ಸಿಟ್ಟು ಉಳಿದಿರುವುದು ಶೋಕದ ಭಾಗವೇ ಎಂದು ಮಗಳಿಗೆ ವಿವರಿಸಿ, ಅಂಟಿಸುವುದೂ ಬೇಡ, ಹರಿಯುವುದೂ ಬೇಡ, ಕೊನೆಯ ಮಡಿಕೆಯ ಹಿಂದೆ ಲಕೋಟೆಯೊಂದನ್ನು ಅಂಟಿಸಿ ಅದರಲ್ಲಿ ಒಂದು ತಿಂಗಳು ಇಟ್ಟಿರಿ ಎಂದು ತಾಯಿಗೆ ಹೇಳಿದೆ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಕೆಲಸ ಮಾಡಿದ್ದು ಅಂಟಿಸಿದ ಪುಟಗಳಿಗಿಂತ ಆ ಲಕೋಟೆ. ತಿಂಗಳು ಕಳೆದ ಮೇಲೆ ಆ ಚಿತ್ರ ಹತ್ತನೆಯ ಪುಟಕ್ಕೆ ಬಂತು, ಪಕ್ಕದಲ್ಲಿ ಒಂದೇ ಪದ: "ಕೇಳಬೇಕಿತ್ತು."

ವರ್ಷಾಂತಿಕದ ಹೊತ್ತಿಗೆ ಅವರು ಹನ್ನೊಂದೂವರೆಗೆ ಮಲಗುತ್ತಿದ್ದರು. ಮೊಬೈಲನ್ನು ಪೂರ್ತಿ ಬಿಟ್ಟಿಲ್ಲ, ಭಾನುವಾರ ಮಧ್ಯಾಹ್ನ ನೋಡುತ್ತಾರೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಮಗಳು ಆಲ್ಬಮ್ಮಿನ ಪ್ರತಿ ಕೇಳಿದಾಗ, "ನಿಮ್ಮಪ್ಪಂದು ನೀನೇ ಮಾಡ್ಕೋ" ಎಂದು ಉಳಿದ ಡ್ರಾಯಿಂಗ್ ಶೀಟನ್ನು ಅವಳ ಕೈಗೆ ಕೊಟ್ಟರಂತೆ.