ಎಂಟ್ರೊಪಿ ಮೈನಸ್ ಬರಬಹುದಾ?

0 ರಿಂದ ½ ವರೆಗಿನ ಯೂನಿಫಾರ್ಮ್ ಡಿಸ್ಟ್ರಿಬ್ಯೂಷನ್‌ಗೆ (ಆ ಅಗಲದಲ್ಲಿ ಎಲ್ಲಿ ಬೇಕಾದರೂ ಸಮಾನವಾಗಿ ಬೀಳುವ ಸಂಖ್ಯೆಗೆ) ಎಂಟ್ರೊಪಿ, ಅಂದರೆ ಅನಿಶ್ಚಿತತೆಯ ಅಳತೆ, −1 ಬಿಟ್ ಬಂತು, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ಎಲ್ಲೂ ತಪ್ಪಿಲ್ಲ. ಉತ್ತರ −1 ಬಿಟ್ಟೇ.

ಎಂಟ್ರೊಪಿ ಅಂದರೆ ಸಂಭವನೀಯತೆಯ ಲಾಗ್‌ನ ಸರಾಸರಿ, ಮುಂದೆ ಒಂದು ಮೈನಸ್. ದಾಳ, ನಾಣ್ಯದ ಲೆಕ್ಕದಲ್ಲಿ ಯಾವ ಸಂಭವನೀಯತೆಯೂ 1 ದಾಟುವುದಿಲ್ಲ, ಹಾಗಾಗಿ ಎಂಟ್ರೊಪಿ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಲಾಗ್ ಒಳಗೆ ಕೂತಿರುವುದು ಡೆನ್ಸಿಟಿ, ಅಂದರೆ ಒಂದು ಯೂನಿಟ್ ಅಗಲಕ್ಕೆ ಎಷ್ಟು ಸಂಭವನೀಯತೆ ಅನ್ನುವುದು; ಅದು 1 ದಾಟಬಹುದು. ½ ಅಗಲದ ಮೇಲೆ ಒಟ್ಟು 1 ಆಗಬೇಕಾದರೆ ಡೆನ್ಸಿಟಿ 2 ಇರಲೇಬೇಕು. ಲಾಗ್ 2 ಅಂದರೆ 1, ಮುಂದೆ ಮೈನಸ್. ಅಷ್ಟೇ. (ಇಲ್ಲೆಲ್ಲ ಲಾಗ್‌ನ ಬೇಸ್ 2.)

ನಿಜವಾದ ತಲೆನೋವು ಬೇರೆ ಇದೆ. ಆ ½ ಅನ್ನುವುದು ಅರ್ಧ ಮೀಟರ್ ಅಂದುಕೊಳ್ಳಿ. ಅದನ್ನೇ ಸೆಂಟಿಮೀಟರ್‌ನಲ್ಲಿ ಬರೆದರೆ 0 ರಿಂದ 50. ಈಗ ಎಂಟ್ರೊಪಿ ಲಾಗ್ 50, ಸುಮಾರು 5.64 ಬಿಟ್! ಅಳೆದದ್ದು ಬದಲಾಗಿಲ್ಲ, ಉತ್ತರ ಮಾತ್ರ ಲಾಗ್ 100ರಷ್ಟು ಜಿಗಿಯಿತು. ಡಿಸ್ಟ್ರಿಬ್ಯೂಷನ್ ಅನ್ನು ಎಡಕ್ಕೋ ಬಲಕ್ಕೋ ಸರಿಸಿದರೆ ಏನೂ ಆಗುವುದಿಲ್ಲ, ಹಿಗ್ಗಿಸಿದರೆ ಮಾತ್ರ ಹೀಗೆ. ಇನ್ಫರ್ಮೇಷನ್ ಥಿಯರಿ ಕಟ್ಟಿದ ಶಾನನ್ 1948ರ ಪ್ರಬಂಧದಲ್ಲೇ ಈ ಮಾತು ಹೇಳಿಬಿಟ್ಟಿದ್ದಾರೆ. ತರಗತಿಯಲ್ಲಿ ಇದನ್ನು ಸುಮ್ನೆ ದಾಟಿ ಹೋಗುವುದೇ ಜಾಸ್ತಿ.

ಹಾಗಾದರೆ −1 ಅಂದರೇನು? 0–½ ಅನ್ನು ⅛ ಅಗಲದ ತುಂಡುಗಳಾಗಿ ಮಾಡಿ. ನಾಲ್ಕು ತುಂಡು, ಯಾವುದರಲ್ಲಿ ಬೇಕಾದರೂ ಸಮಾನವಾಗಿ ಬೀಳಬಹುದು. ಮಾಮೂಲಿ ಎಂಟ್ರೊಪಿ 2 ಬಿಟ್, ಅಂದರೆ 3 − 1 (ತುಂಡು ⅛ ಆದ್ದರಿಂದ ಲಾಗ್ 8, ಅದೇ ಆ 3). ತುಂಡಿನ ಅಗಲ 1/1024 ಮಾಡಿ: 512 ತುಂಡು, 9 ಬಿಟ್, ಅಂದರೆ 10 − 1. ತುಂಡು ಸಣ್ಣದಾದಷ್ಟೂ ಮೊದಲ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಅನಂತ. ಆ −1 ಮಾತ್ರ ಅಲ್ಲಾಡುವುದಿಲ್ಲ. 0–1ರ ಯೂನಿಫಾರ್ಮ್‌ಗೆ ಎಷ್ಟು ಬಿಟ್ ಬೇಕೋ ಅದಕ್ಕಿಂತ ನಿಮ್ಮದಕ್ಕೆ ಒಂದು ಬಿಟ್ ಕಮ್ಮಿ ಸಾಕು ಅಂತ ಅರ್ಥ. ಬೇರೆ ಡೆನ್ಸಿಟಿಗಳಿಗೂ, ತೀರಾ ವಿಚಿತ್ರದ್ದಲ್ಲದಿದ್ದರೆ, ಹೆಚ್ಚುಕಮ್ಮಿ ಇದೇ ಲೆಕ್ಕ.

ಅದಕ್ಕೇ ಎರಡು ಎಂಟ್ರೊಪಿಗಳ ವ್ಯತ್ಯಾಸ ನಂಬಿಕಸ್ಥ, ಎರಡನ್ನೂ ಒಂದೇ ಅಳತೆಯಲ್ಲಿ ಬರೆದಿದ್ದರೆ. ಕಳೆಯುವಾಗ ಆ ಬೆಳೆಯುವ ಭಾಗ ಹೊಡೆದುಹೋಗುತ್ತದೆ. ಮ್ಯೂಚುಯಲ್ ಇನ್ಫರ್ಮೇಷನ್ (ಒಂದು ಗೊತ್ತಾದರೆ ಇನ್ನೊಂದರ ಬಗ್ಗೆ ಎಷ್ಟು ತಿಳಿಯುತ್ತದೆ ಅನ್ನುವ ಅಳತೆ), ಕೆಎಲ್ ಡೈವರ್ಜೆನ್ಸ್ (ಒಂದು ಡಿಸ್ಟ್ರಿಬ್ಯೂಷನ್ ಇನ್ನೊಂದಕ್ಕಿಂತ ಎಷ್ಟು ಬೇರೆ ಅನ್ನುವ ಅಳತೆ) ಎರಡೂ ಮೀಟರ್‌ಗೂ ಸೆಂಟಿಮೀಟರ್‌ಗೂ ಒಂದೇ ಉತ್ತರ ಕೊಡುತ್ತವೆ, ಎಂದೂ ಮೈನಸ್ ಆಗುವುದಿಲ್ಲ.

ಗಾಸಿಯನ್ (ಗಂಟೆಯಾಕಾರದ ಡಿಸ್ಟ್ರಿಬ್ಯೂಷನ್) ಬಗ್ಗೆ ಪುಸ್ತಕದಲ್ಲಿ ಓದಿರುತ್ತೀರಿ: ವೇರಿಯನ್ಸ್ (ಸರಾಸರಿಯಿಂದ ಇರುವ ದೂರದ ವರ್ಗದ ಸರಾಸರಿ) ಇಷ್ಟೇ ಅಂತ ಕಟ್ಟಿಹಾಕಿದರೆ ಎಂಟ್ರೊಪಿ ಅತಿ ಹೆಚ್ಚು ಇರುವುದು ಅದಕ್ಕೇ. ವೇರಿಯನ್ಸ್ 1 ಇದ್ದಾಗ ಗಾಸಿಯನ್‌ಗೆ ಸುಮಾರು 2.05 ಬಿಟ್, ಯೂನಿಫಾರ್ಮ್‌ಗೆ 1.79. ಇದನ್ನು ಸಾಧಿಸಲು ಕ್ಯಾಲ್ಕುಲಸ್ ಸರ್ಕಸ್ ಬೇಡ. ಗಾಸಿಯನ್ ಡೆನ್ಸಿಟಿಯ ಲಾಗ್, ಒಂದು ಸ್ಥಿರ ಸಂಖ್ಯೆ ಬಿಟ್ಟರೆ, ಬರೀ ವರ್ಗದ ಪದ; ಆ ಪದದ ಸರಾಸರಿ ತೆಗೆದರೆ ಅದು ವೇರಿಯನ್ಸ್ ಒಂದನ್ನೇ ನೋಡುತ್ತದೆ. ಹಾಗಾಗಿ ಅದೇ ಸರಾಸರಿ, ಅದೇ ವೇರಿಯನ್ಸ್ ಇರುವ ಯಾವುದನ್ನೇ ಗಾಸಿಯನ್ ಜೊತೆ ಹೋಲಿಸಿದರೂ ಕೆಎಲ್ ಅಂದರೆ ಎರಡರ ಎಂಟ್ರೊಪಿಯ ವ್ಯತ್ಯಾಸವೇ. ಕೆಎಲ್ ಮೈನಸ್ ಆಗದು, ಮುಗಿಯಿತು. ಅದೇ ಗಾಸಿಯನ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇರಿಯನ್ಸ್‌ನ ವರ್ಗಮೂಲ) 0.24ಕ್ಕೆ ಇಳಿಸಿ ನೋಡಿ, ಅದರ ಎಂಟ್ರೊಪಿಯೂ ಮೈನಸ್ಸಿಗೆ ಹೋಗುತ್ತದೆ.